ಗಾಳಿ ಟೀಚರ್

೧೯೮೭ನೇ ಇಸವಿ ಜೂನ್ ೧೧, ಗುರುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಮಂಡಿ ಗೌರಮ್ಮನವರ ಕೊಡೆ ಹಾರಿಹೋಯಿತು. ಬಯಲು ಶಾಲೆಯ ಮಗ್ಗುಲಲ್ಲಿ ಗಾಡಿಯೊಂದರ ಮೇಲೆ ನಿಂತು ಅವರು ಚುನಾವಣೆಯ ಭಾಷಣ ಮಾಡುತ್ತಿದ್ದರು. ಹಿಂದೆ ನಿಂತಿದ್ದ ಅಳಿಯ ಎರಡೂ ಕೈಯಲ್ಲಿ ದೊಡ್ಡ ಕಪ್ಪು ಕೊಡೆ ಹಿಡಿದಿದ್ದ. ಮಳೆಯಿರಲಿಲ್ಲ, ಬಿಸಿಲೂ ಅಷ್ಟಾಗಿ ಇರಲಿಲ್ಲ. ನಮ್ಮೂರಿನಲ್ಲಿ ಕೊಡೆ ಹಿಡಿಯುವುದು ಮಾತಿಗೆ. ಬಯಲಿನಲ್ಲಿ ಆಡಿದ ಮಾತು ಮರುವರ್ಷ ಅದೇ ತಾರೀಖಿಗೆ, ಅದೇ ಗಳಿಗೆಗೆ, ಆಡಿದ ಜಾಗದಲ್ಲೇ ಮತ್ತೆ ಕೇಳಿಸುತ್ತದೆ. ಅದರ ಮರುವರ್ಷ ಇನ್ನೂ ಸ್ವಲ್ಪ ಸಣ್ಣಗೆ ಕೇಳಿಸುತ್ತದೆ. ಸೂರಿನ ಕೆಳಗೆ ಆಡಿದ್ದು ಆಡಿದಲ್ಲಿಗೇ ಮುಗಿಯುತ್ತದೆ.

ಗಾಳಿ ಬೀಸಿದ್ದು ಗೌರಮ್ಮನವರಿಗೆ ಗೊತ್ತಾಗಲಿಲ್ಲ. ಅವರ ಬಾಯಿ ಆಗಲೇ ಓಟ ಹಿಡಿದಿತ್ತು. "ಒಂದು ವರ್ಷದೊಳಗೆ ಈ ಬಯಲು ಶಾಲೆಗೆ ಸರ್ಕಾರದ ಸಂಬಳದ ಮೇಷ್ಟ್ರು ಬರಬೇಕು, ಈ ಮಕ್ಕಳ ತಲೆ ಮೇಲೆ ಸರ್ಕಾರದ ಸೂರು ಬರಬೇಕು. ತರದೇ ಹೋದ್ರೆ ಆ ಕುರ್ಚಿ ನನಗೆ ಬ್ಯಾಡ. ಚಪ್ಪಲಿ ಕೈಯಲ್ಲಿ ಹಿಡ್ಕಂಡು ಮನೆಗೆ ನಡೀತೀನಿ!" ಚಪ್ಪಾಳೆಗೆಂದು ತಲೆಯೆತ್ತಿದಾಗ ಅವರಿಗೆ ಕೊಡೆಯ ಬದಲು ಆಕಾಶ ಕಂಡಿತು. ಜನ ಚಪ್ಪಾಳೆ ತಟ್ಟಲಿಲ್ಲ. ಮುಂದೆ ಕೂತಿದ್ದ ಮುದುಕನೊಬ್ಬ, "ಅಯ್ಯೋ ತಾಯಿ, ಬಯಲಿಗೆ ಬಿತ್ತಲ್ಲ" ಎಂದ. ಹಾಗಂದವನೇ, ತನ್ನ ಮಾತೂ ಬಯಲಿಗೆ ಬಿತ್ತಲ್ಲ ಎಂದು ಪಂಚೆಯ ತುದಿಯನ್ನು ಬಾಯಿಗೆ ತುರುಕಿಕೊಂಡ. ಕೊಡೆ ಶಾಲೆಯ ಬೇಲಿಗೆ ಸಿಕ್ಕಿಕೊಂಡು ಪಟಪಟ ಬಡಿದುಕೊಳ್ಳುತ್ತಿತ್ತು.

ನಾನು ಅಂದು ಅಲ್ಲಿದ್ದೆ. ಭೌತಶಾಸ್ತ್ರ ಓದಿ, ಕಾಲೇಜು ಗುಡ್ಡದ ಮೇಲಿನ ಧ್ವನಿಮಾಪನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದವನು. ಮರಳಿ ಬರುವ ಮಾತು ವರ್ಷಕ್ಕೆ ಎಷ್ಟು ಕ್ಷೀಣಿಸುತ್ತದೆ ಎಂದು ಅಳೆಯುವುದು ನನ್ನ ಕೆಲಸ. ಮೂರು ಡೆಸಿಬಲ್, ಅದು ಬೇಸಿಗೆಯಲ್ಲೂ ಅಷ್ಟೇ, ಚಳಿಗಾಲದಲ್ಲೂ ಅಷ್ಟೇ. ಅಳೆಯುವವನು ಬಯಲಿನಲ್ಲಿ ಬಾಯಿ ಬಿಡಬಾರದೆಂಬುದು ಕಚೇರಿಯ ಮೊದಲ ನಿಯಮ, ಮರುವರ್ಷದ ಅಳತೆ ಕೆಡುತ್ತದೆ. ಹಾಗಾಗಿ ಊರಿನ ಉಳಿದವರಿಗಿಂತ ನಾನು ಕೊಡೆಗೆ ಹೆಚ್ಚು ಅಂಟಿಕೊಂಡವನು. ಮಿಕ್ಕವರಾದರೂ ಒಳ್ಳೆಯದನ್ನು ಬಯಲಿನಲ್ಲೇ ಆಡುತ್ತಾರೆ. ಮಗು ಹುಟ್ಟಿದರೆ ಅಂಗಳಕ್ಕೆ ಬಂದು ಕೂಗುತ್ತಾರೆ. ಜಗಳ, ವ್ಯಾಪಾರ, ಚಾಡಿಯೆಲ್ಲ ಕೊಡೆಯ ಕೆಳಗೆ. ನನ್ನ ಪಕ್ಕದ ಮನೆಯ ದಂಪತಿಗಳು ಹಿತ್ತಲಿನಲ್ಲಿ ಜಗಳ ಹತ್ತಿದರೆ ಒಂದೇ ಕಂಬಳಿ ಹೊದ್ದುಕೊಂಡು ಬೈದಾಡುತ್ತಾರೆ. ಕೊಟ್ಟ ಮಾತನ್ನು ಉಳಿಸಿಕೊಳ್ಳಲೇಬೇಕೆಂದಿದ್ದವನು ಮಾತ್ರ ಅದನ್ನು ಬಯಲಿನಲ್ಲಿ ಆಡುತ್ತಾನೆ. ರಾಜಕೀಯದವರಲ್ಲಿ ಹಾಗೆ ಆಡಿದವರನ್ನು ನಾನು ಕಂಡಿರಲಿಲ್ಲ.

ಗೌರಮ್ಮನವರು ಗೆದ್ದರು. ಗೆದ್ದ ದಿನದಿಂದಲೇ ಅವರಿಗೆ ಕೂತಲ್ಲಿ ಕೂರಲಾಗಲಿಲ್ಲ. ಬೆಲ್ಲದ ಮಂಡಿಯಲ್ಲಿ ಗಂಡ ಸತ್ತ ಮೇಲೆ ತಾವೇ ಹರಾಜು ಕೂಗಿ ಮಂಡಿ ನಡೆಸಿದವರು. ಬೆಲ್ಲದಚ್ಚು ನೋಡಿ ಯಾವ ಗಾಣದ್ದೆಂದು ಹೇಳುವವರು. ಶಾಸನಸಭೆಯಲ್ಲಿ ಮಾತ್ರ ಅವರ ಕೂಗಿಗೆ ಬೆಲೆ ಕಟ್ಟುವವರು ಸಿಗಲಿಲ್ಲ. ಸಭೆಗೆ ಮೂರು ಪದರದ ಹೆಂಚಿನ ಸೂರು, ಅದರ ಮೇಲೆ ತಗಡು. ಆಡಿದ್ದು ಒಂದೂ ಹೊರಬೀಳುವ ಹಾಗಿಲ್ಲ.

ಬಯಲು ಶಾಲೆಯ ಸಂಗತಿ ಹೀಗಿತ್ತು. ಪೇಟೆಯ ಆಚೆಗಿನ ಕೇರಿಗಳಿಗೆಲ್ಲ ಅದೊಂದೇ ಪುಕ್ಕಟೆ ಪ್ರಾಥಮಿಕ ಶಾಲೆ. ಶಾಲೆಯೆಂದರೆ ಬೇಲಿ ಹಾಕಿದ ಮೈದಾನ, ಒಂದು ಕರಿಹಲಗೆ, ಅಷ್ಟೇ. ಕಮಲಾಕ್ಷಿ ಟೀಚರ್ ಎನ್ನುವವರು ಬಹಳ ವರ್ಷ ಅಲ್ಲಿ ಕಲಿಸಿ ೧೯೮೧ರ ಏಪ್ರಿಲಿನಲ್ಲಿ ನಿವೃತ್ತರಾದರು. ಅವರ ಜಾಗಕ್ಕೆ ಇನ್ನೊಬ್ಬರನ್ನು ಹಾಕುವ ಮೊದಲೇ ಜೂನ್ ಬಂತು. ಜೂನ್ ಎರಡನೇ ತಾರೀಖು ಬೆಳಿಗ್ಗೆ ಖಾಲಿ ಮೈದಾನದಲ್ಲಿ ಟೀಚರ ದನಿ, "ಎಲ್ಲ ಸಾಲಾಗಿ ಕೂತ್ಕೊಳ್ಳಿ ನೋಡೋಣ" ಎಂದಿತು. ಮಕ್ಕಳು ಸಾಲಾಗಿ ಕೂತವು. ಇಲಾಖೆಯವರು ಬಂದು ಕೇಳಿದರು, ಟೀ ಕುಡಿದರು, ಹೋದರು. ಅಂದಿನಿಂದ ಶಾಲೆಗೆ ಬೇರೆ ಟೀಚರ್ ಬರಲಿಲ್ಲ. ಮಕ್ಕಳು 'ಗಾಳಿ ಟೀಚರ್' ಎಂದು ಕರೆಯುತ್ತ ಪಾಠ ಕೇಳಿದವು. ದನಿ ತಾರೀಖಿನ ಪ್ರಕಾರ ಬರುವುದರಿಂದ ಅವರ ರಜೆಯ ವಾರ ಪ್ರತಿವರ್ಷ ಜರುಗುತ್ತಿತ್ತು. ಗೌರಮ್ಮನವರು ಗೆದ್ದ ವರ್ಷ ಊರಿಗೆಲ್ಲ ಭಾನುವಾರ ರಜೆ, ಬಯಲು ಶಾಲೆಗೆ ಸೋಮವಾರ. ಅಣ್ಣ ಪೇಟೆ ಶಾಲೆಯಲ್ಲಿ, ತಂಗಿ ಬಯಲು ಶಾಲೆಯಲ್ಲಿ ಓದುವ ಮನೆಗಳಲ್ಲಿ ಮಕ್ಕಳು ಜೊತೆಯಾಗಿ ಆಡುವುದೇ ತಪ್ಪಿಹೋಗಿತ್ತು.

ಸಭೆಯಲ್ಲಿ ಪುಕ್ಕಟೆ ಶಾಲೆಯ ಮಸೂದೆ ಚರ್ಚೆಗೆ ಬಂದ ದಿನ ತಾಂತ್ರಿಕ ಸಲಹೆಗೆಂದು ನನ್ನನ್ನೂ ಕರೆದಿದ್ದರು. ಗೌರಮ್ಮನವರು ಎದ್ದು ನಿಂತು, ವಿದ್ಯೆಯ ಹಣವೆಲ್ಲ ಫೀಜಿನ ಶಾಲೆಗಳ ಅನುದಾನಕ್ಕೂ ಗುಡ್ಡದ ಕಾಲೇಜಿಗೂ ಹೋಗಿ, ತಳಕ್ಕೆ ಅಂಟಿದ್ದು ಮಾತ್ರ ಪುಕ್ಕಟೆ ಶಾಲೆಗೆ ಸಿಗುತ್ತಿದೆ, ಇನ್ನು ಮೇಲೆ ಮೊದಲ ತುತ್ತು ಅದಕ್ಕೇ ಹೋಗಬೇಕು ಎಂದರು. ಹಣಕಾಸಿನ ಮಂತ್ರಿ ವಿಶ್ವಂಭರಯ್ಯನವರು ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. ಬಹಳ ಜಾಗರೂಕ ಮನುಷ್ಯ. ಸೂರಿಲ್ಲದ ಕಡೆ ಅವರು ಕೆಮ್ಮಿದ್ದನ್ನೂ ಕೇಳಿದವರಿಲ್ಲ. ಕೊಡೆ ಹಿಡಿಯಲೆಂದೇ ಚೌಡಯ್ಯ ಎನ್ನುವ ಆಳು ಅವರ ಹಿಂದಿರುತ್ತಿದ್ದ.

"ತಾಯಿ, ಗಾಳಿ ಪುಕ್ಕಟೆ ಪಾಠ ಹೇಳ್ತಿರೋವಾಗ ಬೊಕ್ಕಸ ಯಾಕೆ ಸಂಬಳ ಕೊಡಬೇಕು? ಒಂದು ಬಾವಿ ತೋಡಿಸಿ ಎರಡು ಸಲ ಕೂಲಿ ಕೊಡ್ತಾರಾ ಯಾರಾದ್ರೂ?" ಎಂದರು.

"ಮಗು ಎದ್ದು ನಿಂತು ಪ್ರಶ್ನೆ ಕೇಳಿದ್ರೆ ಉತ್ತರ ಕೊಡ್ತಾಳಾ ನಿಮ್ಮ ಗಾಳಿ?"

"ಉತ್ತರ ಕೊಡದೇ ಇರೋ ಮೇಷ್ಟ್ರುಗಳು ಸಂಬಳ ತಗೊಂಡೂ ಇದ್ದಾರಲ್ಲಮ್ಮ."

ಸಭೆ ಗೊಳ್ಳೆಂದು ನಕ್ಕಿತು. ಆ ನಗುವಿನ ನಡುವೆ ಹಿಂದಿನ ಬೆಂಚಿನ ಸದಸ್ಯರೊಬ್ಬರು ಗೌರಮ್ಮನವರ ಪರವಾಗಿ, "ನಾಡಿನ ಹದಿನಾರು ಪುಕ್ಕಟೆ ಶಾಲೆಗೆ ಮೂರರಂತೆ ಐವತ್ತು ಬೆಂಚಾದ್ರೂ ಕೊಡಿ ಸ್ವಾಮಿ" ಎಂದರು. ಮಂತ್ರಿಗಳು ಮುಳ್ಳು ತುಳಿದವರಂತೆ ನೆಗೆದು, "ನಲವತ್ತೆಂಟು! ನಲವತ್ತೆಂಟು ಕಣ್ರೀ!" ಎಂದು ಕೂಗಿದರು. ತಪ್ಪು ಲೆಕ್ಕ ಕಿವಿಗೆ ಬಿದ್ದರೆ ಅವರಿಗೆ ಮೈಯೆಲ್ಲ ತುರಿಕೆ. ಮದುವೆಯೂಟದಲ್ಲಿ ಬಡಿಸುವವನು ಎಲೆ ಎಣಿಸಿದ್ದು ತಪ್ಪಾದರೂ ತುತ್ತು ಬಿಟ್ಟು ತಿದ್ದುತ್ತಾರೆಂದು ಪ್ರತೀತಿ. ಬೆಂಚು ಕೊಡುತ್ತೇನೆಂದು ಮಾತ್ರ ಅವರು ಹೇಳಲಿಲ್ಲ. ಕೊನೆಗೆ, ನಿಯಮದಂತೆ ಕೊನೆಯ ಸಾಲಿನಲ್ಲಿ ಪಾಠ ನಲವತ್ತು ಡೆಸಿಬಲ್ಲಿಗಿಂತ ಕಡಿಮೆ ಕೇಳಿಸಿದರೆ ಶಾಲೆಗೆ ಟೀಚರ್ ಇಲ್ಲವೆಂದು ಅರ್ಥ, ಅಳೆದು ವರದಿ ಕೊಡಿ ಎಂದು ನನಗೆ ಹೇಳಿ ಕೂತರು.

ಮಾರನೆಯ ದಿನ ಗೌರಮ್ಮನವರು ನನ್ನ ಕಚೇರಿಗೆ ಬಂದರು. ಕುರ್ಚಿ ತೋರಿಸಿದರೂ ಕೂರದೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿದರು. ಮೇಜಿನ ಮೇಲೆ ನನ್ನ ಉಪಕರಣ ಪೆಟ್ಟಿಗೆ ತೆರೆದಿತ್ತು. "ಏನ್ ಮೀಟರ್ ಸ್ವಾಮಿ, ಇದಕ್ಕೆ ಮಖಮಲ್ಲಿನ ಹಾಸಿಗೆ?" ಎಂದು ಒಳಗಿನ ಬಟ್ಟೆಯನ್ನು ಸವರಿದರು. "ಅದುರಬಾರದಲ್ಲಮ್ಮ, ಅದಕ್ಕೆ" ಎಂದೆ. "ಸರಿ. ಮೀಟರಿಗೆ ಸೂರು ಅದೆ, ಹಾಸಿಗೆ ಅದೆ. ನಮ್ಮ ಮಕ್ಕಳು ಅದುರಿದ್ರೆ ಪರವಾಗಿಲ್ಲ." ಮೇಜಿನ ಮೇಲೆ ಬಾಗಿ ದನಿ ತಗ್ಗಿಸಿದರು. "ಮೂವತ್ತೊಂಬತ್ತು ಅಂತ ಬರೀರಿ. ಒಂದು ಅಂಕಿ. ಯಾರಿಗೂ ನೋವಿಲ್ಲ."

ಆಗುವುದಿಲ್ಲ ಎಂದೆ. ಅಂಕಿ ಏನಿರುತ್ತದೋ ಅದೇ. ಅವರು ನನ್ನನ್ನೇ ನೋಡಿದರು. ಮಂಡಿಯಲ್ಲಿ ತೂಕ ತಪ್ಪಿಸಿದವನನ್ನು ನೋಡುವ ನೋಟವಲ್ಲ. ತಪ್ಪಿಸಲೊಪ್ಪದವನನ್ನು ನೋಡುವುದು ಅವರಿಗೂ ಹೊಸದಿರಬೇಕು. "ಅಳೀರಿ ಮತ್ತೆ" ಎಂದು ಹೊರಟುಹೋದರು.

ನಾನು ಕೊನೆಯ ಸಾಲಿನ ಹಿಂದೆ ಕೂತು ಅಳೆದೆ. ನಲವತ್ಮೂರು. ಇನ್ನೊಂದು ದಿನ ಗಾಳಿಯಿಲ್ಲದಾಗ ಅಳೆದೆ. ನಲವತ್ಮೂರು. ಬರುವ ವರ್ಷ ಇದು ನಲವತ್ತಕ್ಕೂ, ಅದರ ಮುಂದಿನ ವರ್ಷ ನಲವತ್ತರ ಕೆಳಗೂ ಇಳಿಯುತ್ತದೆ ಎಂದು ವರದಿಯ ಕೊನೆಯಲ್ಲಿ ಸೇರಿಸಿದೆ. ಮಂತ್ರಿಗಳು ಅದರ ಮೇಲೆ, "ಹಾಗಾದಲ್ಲಿ ಮಿತಿಯನ್ನು ಇಳಿಸುವ ಬಗ್ಗೆ ಪರಿಶೀಲಿಸಬಹುದು" ಎಂದು ಬರೆದು ಕಳಿಸಿದರು. ಮಸೂದೆ ಮೂಲೆಗೆ ಬಿತ್ತು. ದಾರಿಯಲ್ಲಿ ಎದುರಾದ ಗೌರಮ್ಮನವರು ಕೊಡೆಯನ್ನು ನನ್ನ ಕೊಡೆಗೆ ತಾಗಿಸಿ, "ನಿಮ್ಮ ಮೀಟರಿಗೆ ಕಿವಿ ಅದೆ, ತಲೆ ಇಲ್ಲ. ಅದನ್ನ ಹಿಡ್ಕಂಡವರಿಗಾದ್ರೂ ಇರಬೇಕಾಗಿತ್ತು" ಎಂದರು.

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ನಾನು ಅಳೆದದ್ದು ಸರಿ. ಸರಿಯಾದ ಉತ್ತರ, ಆದರೆ ಯಾವ ಪ್ರಶ್ನೆಗೆ? ಕಚೇರಿಯ ಕೆಲಸವಿಲ್ಲದಿದ್ದರೂ ಬಯಲು ಶಾಲೆಯ ಹಿಂದಿನ ಸಾಲಿನಲ್ಲಿ ಹೋಗಿ ಕೂರತೊಡಗಿದೆ. ಮೀಟರು ಪೆಟ್ಟಿಗೆಯಲ್ಲೇ ಇರುತ್ತಿತ್ತು. ಆಗ ಕೇಳಿಸಿದ್ದು ಬೇರೆ. ಗಾಳಿ ಟೀಚರು "ಅರ್ಥ ಆಯ್ತಾ?" ಎಂದು ಕೇಳಿದರೆ ಎಂದೋ ದೊಡ್ಡವರಾಗಿಹೋದ ಮಕ್ಕಳ ದನಿಗಳು "ಆಯ್ತು ಟೀಚರ್" ಎನ್ನುತ್ತಿದ್ದವು. ಎದುರಿಗೆ ಕೂತ ಮಗು, "ಇನ್ನೊಂದ್ಸಲ ಹೇಳಿ ಟೀಚರ್" ಎಂದರೆ ಪಾಠ ಮುಂದಕ್ಕೆ ಹೋಗುತ್ತಿತ್ತು. ಅದೇ ಜಾಗದಲ್ಲಿ ಹೋದ ವರ್ಷದ ಮಗುವೊಂದರ "ಇನ್ನೊಂದ್ಸಲ ಹೇಳಿ" ಕೇಳಿಸುತ್ತಿತ್ತು, ಅದರ ಹಿಂದೆ ಅದಕ್ಕೂ ಹಿಂದಿನದು, ಒಂದರೊಳಗೊಂದು.

ಫೆಬ್ರುವರಿ ಹದಿನೇಳರಂದು ಏಳರ ಮಗ್ಗಿ. ಟೀಚರ ದನಿಯಲ್ಲಿ ಅಂದು ನಡುಕವಿತ್ತು. "ಏಳೇಳ್ಲಿ ನಲವತ್ತೊಂಬತ್ತು" ಎಂದಿತು. "ಏಳೆಂಟ್ಲಿ ಐವತ್ನಾಲ್ಕು" ಎಂದಿತು. ಮಕ್ಕಳೆಲ್ಲ ಒಕ್ಕೊರಲಿನಿಂದ "ಏಳೆಂಟ್ಲಿ ಐವತ್ನಾಲ್ಕು" ಎಂದವು. ಅದೇ ಹೊತ್ತಿಗೆ ಬೇಲಿಯ ಆಚೆಯಿಂದ ಒಡಕು ದನಿಯೊಂದು, "ಐವತ್ತಾರು ಕಣ್ರೋ, ಐವತ್ತಾರು!" ಎಂದು ಅರಚಿತು, ಅದರ ಹಿಂದೆ ಹೋದ ವರ್ಷಗಳ ಅದೇ ದನಿ ಸಣ್ಣಗೆ ಕೇಳಿಸಿತು. ಹಲ್ಲುದುರಿದ ಮುದುಕಿಯೊಬ್ಬರು ಬೇಲಿಯ ಗೂಟ ಹಿಡಿದು ನಿಂತಿದ್ದರು. ಮುಂದಿನ ಸಾಲಿನ ಹುಡುಗಿಯೊಬ್ಬಳು ನನ್ನತ್ತ ತಿರುಗಿ, "ಬೇಲಿ ಅಜ್ಜಿ. ವರ್ಷಾ ವರ್ಷಾ ಬಂದು ತಪ್ಪು ಹೇಳಿಕೊಡುತ್ತೆ" ಎಂದು ಸಮಾಧಾನ ಹೇಳಿದಳು.

ಬೇಲಿ ಅಜ್ಜಿ ಎಂದರೆ ಕಮಲಾಕ್ಷಿ ಟೀಚರೇ. ನನ್ನ ಕೊಡೆಯೊಳಗೆ ಅವರನ್ನು ಕರೆದುಕೊಂಡೆ. "ಅವತ್ತು ಜ್ವರ ಇತ್ತಪ್ಪ, ಬಾಯಿ ತಪ್ತು. ಮಾರನೇ ದಿನ ತಿದ್ದಿದೆ, ಹತ್ತು ಸಲ ಹೇಳಿಸಿದೆ. ಆದರೆ ಅವತ್ತು ಅಕಾಲದ ಮಳೆ. ಮಕ್ಕಳನ್ನ ಬೆಲ್ಲದ ಮಂಡಿ ಒಳಗೆ ಕೂರಿಸಿದ್ದೆ. ಸೂರಿನ ಕೆಳಗೆ ತಿದ್ದಿದ್ದು ಎಲ್ಲಿ ಬರುತ್ತೆ? ಒಳಗೆ ಹೋಗಿ ಹೇಳ್ತೀನಿ ಅಂದ್ರೆ ಇಲಾಖೆಯವರು ನೋಟೀಸು ಕಳಿಸಿದ್ರು, ನಿವೃತ್ತರು ನಡೆಯುತ್ತಿರೋ ಪಾಠಕ್ಕೆ ಅಡ್ಡಿ ಮಾಡಕೂಡದು ಅಂತ. ನನ್ನ ಪಾಠಕ್ಕೆ ನಾನೇ ಅಡ್ಡಿ!" ಕೇರಿಯ ಅಂಗಡಿಗಳಲ್ಲಿ ಏಳು ಬೀಡಿಯ ಎಂಟು ಕಟ್ಟು ಕೊಂಡರೆ ಐವತ್ನಾಲ್ಕು ಬೀಡಿ ಎಣಿಸಿ ಕೊಡುತ್ತಾರೆ, ಯಾರಿಗೂ ಜಗಳವಿಲ್ಲ ಎಂದರು.

ಇದನ್ನು ಗೌರಮ್ಮನವರಿಗೆ ಹೇಳಿದಾಗ ಓಡಾಡುತ್ತಿದ್ದವರು ಮೊದಲ ಸಲ ನಿಂತರು. "ಆ ಮಳೆ ದಿನ ಮಂಡಿ ಬಾಗಿಲು ತೆಗೆಸಿದ್ದು ನಾನೇ ಸ್ವಾಮಿ. ನೆನೀತವೆ ಪಾಪ ಅಂತ." ವರದಿಗೆ ಸೇರಿಸಲೇ ಎಂದೆ. "ಬ್ಯಾಡ. ಕಾಗದದಲ್ಲಿ ಕೊಟ್ರೆ ಆತ ಕಾಗದದಲ್ಲೇ ಉತ್ತರ ಕೊಡ್ತಾನೆ. ಆತನ ಕಿವಿಗೆ ಬೀಳಬೇಕು. ಬಾಯಿ ಬಿಡದ ಗಿರಾಕಿ ಬಾಯಿ ಬಿಡಿಸೋದೇ ಅಲ್ವಾ ಹರಾಜು ಅಂದ್ರೆ?" ಎಂದರು. ಮತ್ತೆ ಓಡಾಡತೊಡಗಿದರು.

ಜೂನ್ ಹನ್ನೊಂದು ಬಂತು. ಬಯಲು ಮಾತು ಮರಳಿ ಬರುವುದನ್ನು, ಅದೂ ಶಾಸಕರೊಬ್ಬರದ್ದನ್ನು, ನೋಡಲು ಊರೇ ನೆರೆದಿತ್ತು. ಮೈದಾನದ ಸುತ್ತ ಕೊಡೆಗಳು ಅಣಬೆಗಳಂತೆ ಎದ್ದಿದ್ದವು. ಗೌರಮ್ಮನವರ ಕೈಗೆ ಚಪ್ಪಲಿ ಬರುವುದನ್ನು ಕಣ್ಣಾರೆ ಕಾಣಬೇಕೆಂದು ವಿಶ್ವಂಭರಯ್ಯನವರೂ ಬಂದು ಚೌಡಯ್ಯನ ಕೊಡೆಯ ಕೆಳಗೆ ತುಟಿ ಬಿಗಿದು ನಿಂತಿದ್ದರು. ಮಕ್ಕಳು ಸಾಲಾಗಿ ಕೂತಿದ್ದವು. ಹತ್ತೂ ನಲವತ್ತಕ್ಕೆ ಗೌರಮ್ಮನವರ ಹೋದ ವರ್ಷದ ದನಿ ಮೈದಾನದ ಮೇಲೆ ಎದ್ದಿತು. ಸಂಬಳದ ಮೇಷ್ಟ್ರು ಎಂದಿತು, ಸೂರು ಎಂದಿತು, ಚಪ್ಪಲಿ ಎಂದಿತು. ಮುದುಕನ "ಅಯ್ಯೋ ತಾಯಿ"ಯೂ ಬಂತು. ಜನ ಕೊಡೆಗಳ ಒಳಗೇ ನಕ್ಕರು.

ಗೌರಮ್ಮನವರು ಅಂದು ಕೊಡೆ ತಂದಿರಲಿಲ್ಲ. ಗಾಡಿ ಹತ್ತಿ, ಮಂಡಿಯಲ್ಲಿ ಕೂಗುವ ಹಾಗೆ ಸೊಂಟಕ್ಕೆ ಕೈಯಿಟ್ಟು ಮಕ್ಕಳ ಕಡೆ ತಿರುಗಿದರು. "ಹೇಳ್ರೋ ಮಕ್ಕಳಾ, ಏಳೆಂಟ್ಲಿ ಎಷ್ಟು?"

"ಐವತ್ನಾಲ್ಕು!" ಮೈದಾನ ಗುಡುಗಿತು.

ಮಂತ್ರಿಗಳ ಭುಜ ಸಣ್ಣಗೆ ಹಾರಿದ್ದನ್ನು ನಾನು ನೋಡಿದೆ. "ಐವತ್ನಾಲ್ಕು ಒಂದನೇ ಸಲ!" ಎಂದು ಗೌರಮ್ಮನವರು ಕೂಗಿದರು. ಮಂತ್ರಿಗಳು ಕರವಸ್ತ್ರ ತೆಗೆದು ಬಾಯಿಗೆ ಒತ್ತಿಕೊಂಡರು. "ಜೋರಾಗಿ ಹೇಳ್ರೋ, ಏಳೆಂಟ್ಲಿ?" "ಐವತ್ನಾಲ್ಕು!" "ಐವತ್ನಾಲ್ಕು ಎರಡನೇ ಸಲ! ಬೇರೆ ಯಾರಾದ್ರೂ ಇದ್ದೀರಾ? ಯಾರೂ ಇಲ್ವಾ? ಹಾಗಾದ್ರೆ ಈ ಊರಿಗೆ ಐವತ್ನಾಲ್ಕೇ ಖಾಯಂ..." ಅವರ ಕೈ ಮೇಲೆದ್ದಿತು.

"ಐವತ್ತಾರು!"

ವಿಶ್ವಂಭರಯ್ಯನವರು ಚೌಡಯ್ಯನನ್ನು ತಳ್ಳಿಕೊಂಡು ಬಿಸಿಲಿಗೆ ಬಂದಿದ್ದರು. ಕುತ್ತಿಗೆಯ ನರ ಉಬ್ಬಿತ್ತು. "ಐವತ್ತಾರು ಕಣ್ರೋ! ಯಾವ ಕತ್ತೆ ನಿಮಗೆ ಇದನ್ನ ಹೇಳಿಕೊಟ್ಟಿದ್ದು?"

"ಆ ಕತ್ತೆ ನಾನೇ ಸ್ವಾಮಿ" ಎಂದರು ಬೇಲಿಯ ಬಳಿಯಿಂದ ಕಮಲಾಕ್ಷಿ ಟೀಚರು. "ತಿದ್ದೋಕೆ ನೀವು ಬಿಡಲಿಲ್ಲ."

"ಗಾಳಿ ಟೀಚರ್ ಹೇಳಿಕೊಟ್ಟಿದ್ದು ಸಾರ್" ಎಂದು ಮುಂದಿನ ಸಾಲಿನ ಅದೇ ಹುಡುಗಿ ಎದ್ದು ಕೈಕಟ್ಟಿ ನಿಂತಳು.

"ಗಾಳಿಗೆ ಲೆಕ್ಕ ಬರುತ್ತೇನೇ, ಮಂಕೆ? ಪಾಠ ಹೇಳೋಕೆ ಮನುಷ್ಯರು ಬೇಕು! ಮನುಷ್ಯರು!" ಎಂದರು ಮಂತ್ರಿಗಳು.

ಆಮೇಲೆ ಅವರು ತಲೆಯೆತ್ತಿದರು. ಮೋಡವಿಲ್ಲದ ಆಕಾಶ. ಚೌಡಯ್ಯ ಕೊಡೆ ಹಿಡಿದು ಓಡಿಬಂದ. ಓಡಿಬಂದು ಏನು ಪ್ರಯೋಜನ? ಸುತ್ತಲ ಕೊಡೆಗಳು ಒಂದೊಂದಾಗಿ ಮಡಚಿಕೊಂಡವು. ಊರಿನ ಜನ ಬೇಕೆಂದೇ ಬಯಲಿನಲ್ಲಿ ಚಪ್ಪಾಳೆ ತಟ್ಟಿದರು, ಮರುವರ್ಷಕ್ಕೂ ಇರಲಿ ಎಂದು.

ಗೌರಮ್ಮನವರು ಗಾಡಿಯಿಂದಿಳಿದು ಚಪ್ಪಲಿ ಬಿಚ್ಚಿ ಕೈಗೆ ತೆಗೆದುಕೊಂಡರು. ಅಳಿಯ ಅಡ್ಡ ಬಂದ. "ಅತ್ತೆ, ಆಯ್ತಲ್ಲ! ಇನ್ನು ಮೇಷ್ಟ್ರು ಬಂದ ಹಾಗೇ." "ಬಂದ ಹಾಗೆ ಅಂದ್ರೆ ಬಂದಂಗಾಯ್ತೇನೋ? ಹತ್ತೂ ನಲವತ್ತಕ್ಕೆ ಸೂರು ಎಲ್ಲಿತ್ತು ತೋರ್ಸು" ಎಂದು ಅವನನ್ನು ಸರಿಸಿ, ಸುಡುವ ಮಣ್ಣಿನ ಮೇಲೆ ಬರಿಗಾಲಲ್ಲಿ ಪೇಟೆಯ ಕಡೆ ನಡೆದರು. ಆಗ ಯಾರೂ ನಗಲಿಲ್ಲ.

ಅವರ ಕುರ್ಚಿಗೆ ಬೇರೊಬ್ಬರು ಬಂದರು. ವಿಶ್ವಂಭರಯ್ಯನವರು ವರ್ಷದುದ್ದಕ್ಕೂ ಏನೂ ಮಾಡಲಿಲ್ಲ. ಜೂನ್ ಹತ್ತಿರವಾದಾಗ ಎಲ್ಲವನ್ನೂ ಅವಸರದಿಂದ ಮಾಡಿದರು. ಏಪ್ರಿಲಿನಲ್ಲಿ ಬಸವಂತ ಎನ್ನುವ ಯುವ ಮೇಷ್ಟ್ರ ನೇಮಕವಾಯಿತು. ಬೊಕ್ಕಸದ ಸಂಬಳ. ಪುಕ್ಕಟೆ ಶಾಲೆಗೆ ಖಾಯಂ ಪಾಲು ಬೇಕೆಂಬ ಮಸೂದೆ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ. ಮಂತ್ರಿಗಳು ಬಯಲಿನಲ್ಲಿ ಮನುಷ್ಯರು ಬೇಕೆಂದಿದ್ದರು, ಸೂರು ಬೇಕೆಂದಿರಲಿಲ್ಲ. ಹಾಗಾಗಿ ಸೂರಿಗೆ ಇಲಾಖೆಯಲ್ಲಿ ಉಳಿದಿದ್ದ ತಗಡುಗಳನ್ನಷ್ಟೇ ಕೊಟ್ಟರು. ಅದು ಮೈದಾನದ ಮುಂಭಾಗಕ್ಕೆ ಸಾಲುವಷ್ಟಿತ್ತು.

೧೯೮೯ರ ಜೂನ್ ಹನ್ನೆರಡರ ಸೋಮವಾರ ನಾನೂ ಗೌರಮ್ಮನವರೂ ಅಲ್ಲಿಗೆ ಹೋದೆವು. ಹಿಂದಿನ ದಿನ ಮಂತ್ರಿಗಳ ಮಾತು ಮರಳಿ ಬಂದು ಹೋಗಿತ್ತು. ತಗಡಿನ ಕೆಳಗೆ ಬಸವಂತ ಮೇಷ್ಟ್ರು ಕಳೆಯುವ ಲೆಕ್ಕ ಹೇಳುತ್ತಿದ್ದರು. ಒಂದು ಮಗು "ಇನ್ನೊಂದ್ಸಲ" ಎಂದಿತು. ಅವರು ಹಲಗೆ ಒರೆಸಿ ಮತ್ತೆ ಮೊದಲಿನಿಂದ ಶುರುಮಾಡಿದರು. ಆದರೆ ಹಿಂದಿನ ಸಾಲುಗಳು ಸೂರಿನ ಆಚೆ ಬಿಸಿಲಿನಲ್ಲಿದ್ದವು. ತಗಡಿನ ಕೆಳಕ್ಕೆ ಇಳಿಯದ ಗಾಳಿ ಟೀಚರ ಕ್ಷೀಣ ದನಿ ಅಲ್ಲಿ ಇನ್ನೂ ಬೇರೆಯದೇ ಪಾಠ ಹೇಳುತ್ತಿತ್ತು. ಆ ಸಾಲಿನ ಮಕ್ಕಳು ಒಮ್ಮೆ ಮುಂದಕ್ಕೆ, ಒಮ್ಮೆ ಮೇಲಕ್ಕೆ ಕಿವಿಗೊಟ್ಟು ಬರೆದು ಅಳಿಸುತ್ತಿದ್ದವು.

"ಫೆಬ್ರುವರಿಗೆ ಇವಕ್ಕೆ ಮತ್ತೆ ಐವತ್ನಾಲ್ಕೇ" ಎಂದರು ಗೌರಮ್ಮನವರು. ಎರಡು ಹೆಜ್ಜೆ ಆ ಕಡೆ, ಎರಡು ಹೆಜ್ಜೆ ಈ ಕಡೆ ನಡೆದರು. "ಬರೋ ಚುನಾವಣೆಗೆ ಮತ್ತೆ ನಿಲ್ತೀನಿ. ಸೂರು ಹಾಕೋದು ಇನ್ನೆಷ್ಟು ಉಳಿದದೆ, ಅಳೀರಿ ಸ್ವಾಮಿ."

ನಾನು ಟೇಪು ತೆಗೆದು ತಗಡಿನ ಅಂಚಿನಿಂದ ಕೊನೆಯ ಸಾಲಿನವರೆಗೆ ಎಳೆದು ನೋಡಿದೆ. ಹೇಳಲೆಂದು ಅವರ ಕೊಡೆಯೊಳಗೆ ತಲೆ ತೂರಿಸಿದೆ. ಅವರು ಕೊಡೆ ಮಡಚಿಬಿಟ್ಟರು. "ಹೀಗಲ್ಲ. ಗಟ್ಟಿಯಾಗಿ ಹೇಳಿ. ಬಯಲಿಗೆ ಬೀಳಲಿ."

ಅಳೆಯುವವನು ಬಯಲಿನಲ್ಲಿ ಬಾಯಿ ಬಿಡಬಾರದು. ಬಿಟ್ಟೆ. ಹನ್ನೊಂದು ಅಡಿ ನಾಲ್ಕು ಅಂಗುಲ.